ಮಂಚದ ಕಂಬಿಯ ಗಂಟು

ಪೀಣ್ಯ ಎರಡನೇ ಹಂತ
12 ಜನವರಿ 2025, ಭಾನುವಾರ

ಅಣ್ಣಾ,

ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮವೆಂದು ಬರೆಯುವ ಅಭ್ಯಾಸವನ್ನು ಇವತ್ತಿನಿಂದ ಬಿಟ್ಟಿದ್ದೇನೆ. ಕ್ಷೇಮವಿದ್ದ ದಿನ ಬರೆಯುತ್ತೇನೆ. ಇವತ್ತು ಬೇರೆ ವಿಷಯವಿದೆ. ಅವ್ವ ಇರುವ 'ಬೆಳಕಿಂಡಿ' ಆರೈಕೆ ಮನೆಯಲ್ಲಿ ನಾವು ಕುಟುಂಬ ಸಮಿತಿ ಕಟ್ಟಿದ್ದೇವೆ. ನಾನು ಸಂಚಾಲಕಿ.

ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಅತ್ತಿಬೆಲೆ ಮುಟ್ಟುವಷ್ಟರಲ್ಲಿ ಹನ್ನೊಂದಾಗಿತ್ತು. ಅವ್ವನ ಹಾಸಿಗೆ ಒದ್ದೆ. ಮುಟ್ಟಿದರೆ ತಣ್ಣಗಿತ್ತು, ಎಂದರೆ ಆಗಿ ಬಹಳ ಹೊತ್ತಾಗಿತ್ತು. ಲಕ್ವ ಹೊಡೆದ ಮೇಲೂ ಅವಳ ಎಡಗೈಯಲ್ಲಿ ಇನ್ನೂ ಹಿಡಿತವಿದೆ, ನಿನಗೆ ಗೊತ್ತು. ನನ್ನ ಬೆರಳು ಹಿಡಿದವಳು ಬಿಡಲಿಲ್ಲ. ಮಾತು ಹೋದವಳು ಇನ್ನು ಹೇಗೆ ದೂರು ಕೊಡಬೇಕು? ನೆಟ್ಟಗೆ ಮ್ಯಾನೇಜರ್ ಮುನಿಕೃಷ್ಣನ ಕೋಣೆಗೆ ಹೋದೆ. ಅವನು ಫೋನಿನಿಂದ ಕಣ್ಣೆತ್ತಲಿಲ್ಲ.

"ನೋಡಮ್ಮ, ಇದು ಟ್ರಸ್ಟಿನ ಫ್ರೀ ಬೆಡ್ಡು. ಇಪ್ಪತ್ತೆರಡು ಜನ ಹೆಂಗಸ್ರು, ಹಗಲಲ್ಲಿ ಒಬ್ಳೇ ಆಯಾ. ಅಡ್ಜಸ್ಟ್ ಮಾಡ್ಕೋಬೇಕು. ಆಗಲ್ವಾ, ಮನೆಗೆ ಕರ್ಕೊಂಡ್ಹೋಗಿ ನೋಡ್ಕೊಳ್ಳಿ."

ಮನೆ! ಹತ್ತಡಿ ಉದ್ದದ ಬಾಡಿಗೆ ಕೋಣೆ, ನಾವು ಮೂವರು ಹುಡುಗಿಯರು, ಮೂವರಿಗೂ ಫ್ಯಾಕ್ಟರಿ ಶಿಫ್ಟು. ಅವನಿಗೆ ಅದು ಗೊತ್ತು. ಗೊತ್ತಿದ್ದೇ ಹೇಳುತ್ತಾನೆ.

ಹೊರಗೆ ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಅಳುತ್ತ ಕುಳಿತಿದ್ದೆ. ಪಕ್ಕದಲ್ಲಿ ಈಶ್ವರಮ್ಮ ಎಂಬವರು ಕೂತರು. ಅದೇ ಊರಿನವರು, ಅವರ ಅತ್ತೆ ರಾಮಕ್ಕ ಅವ್ವನ ಎದುರು ಮಂಚದಲ್ಲಿದ್ದಾರೆ. "ಅಳಬ್ಯಾಡ ಕಣಮ್ಮಾ. ಈ ಜಾಗ ಇದ್ಯಲ್ಲ, ನಮ್ದೇ ರಾಗಿ ಹೊಲ. ಆಗ್ಲೂ ನಮ್ಮತ್ತೆ ಬಗ್ಗಿ ಬಗ್ಗಿ ಇಲ್ಲೇ ಸತ್ಲು, ಈಗ ಮಲಗಿ ಸಾಯ್ತಾವ್ಳೆ" ಎಂದು ನಕ್ಕರು. ಬೆಳ್ಳಂದೂರಿನ ಕಂಪನಿಗೆ ಕ್ಯಾಬ್ ಓಡಿಸುವ ಕೃಷ್ಣ ಅನ್ನುವವರೂ ನಿಂತಿದ್ದರು, ಅವರ ತಾಯಿಯೂ ಒಳಗಿದ್ದಾರೆ. ನಾನು ಚೀಲದಿಂದ ಕರಪತ್ರ ತೆಗೆದೆ. ಫ್ಯಾಕ್ಟರಿ ಗೇಟಿನಲ್ಲಿ ಕಾರ್ಮಿಕ ಸಂಘದವರು ಹಂಚಿದ್ದು. ನೂರು ಸಲ ಓದಿ ಮಡಿಕೆಗಳಲ್ಲಿ ಹರಿದಿದೆ. ಒಗ್ಗೂಡಿ, ಬರೆದಿಡಿ, ಸಹಿ ಪಡೆಯಿರಿ. ಕಾರ್ಮಿಕರಿಗೆ ಆಗುವುದಾದರೆ ರೋಗಿಗಳ ಮನೆಯವರಿಗೆ ಯಾಕಾಗಬಾರದು? ಅಲ್ಲೇ ಒಂಬತ್ತು ಜನ ಸೇರಿದರು. ಎರಡೇ ನಿಯಮ. ರೋಗಿಯ ಸಂಬಂಧಿಕರು ಮಾತ್ರ ಸದಸ್ಯರು. ಏನೇ ಇದ್ದರೂ ಕಾಗದದ ಮೇಲೆ.

ನಿನ್ನ ಅಪೀಲಿನ ವಿಷಯವೂ ಹಾಗೆಯೇ ಆಗುತ್ತದೆ, ನೋಡುತ್ತಿರು. ಬ್ರೇಕು ರಿಪೇರಿ ಮಾಡಿಸದೆ ನಿನ್ನ ಕೈಗೆ ಟಿಪ್ಪರ್ ಕೊಟ್ಟ ಮಾಲೀಕ ಹೊರಗೆ, ನೀನು ಒಳಗೆ. ಇದನ್ನು ನಾನು ಸುಮ್ಮನೆ ಬಿಡುವುದಿಲ್ಲ.

ಜೈಲಿನ ಫೋನಿಗೆ ನನ್ನ ನಂಬರನ್ನು ಯಾಕೆ ಇನ್ನೂ ಬರೆಸಿಲ್ಲ?

ನಿನ್ನ ತಂಗಿ
ದಾನೇಶ್ವರಿ


ಕೇಂದ್ರ ಕಾರಾಗೃಹ
27 ಜನವರಿ 2025

ಸಂಚಾಲಕಿಯವರಿಗೆ ಕೈದಿ ರೇವಣಸಿದ್ದನ ನಮಸ್ಕಾರ.

ದಾನಿ, ಪತ್ರ ಓದಿ ನಗು ಬಂತು, ಆಮೇಲೆ ಹೆದರಿಕೆಯಾಯಿತು. ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರ ಹಾಜರಿ ಪುಸ್ತಕ ತಪ್ಪಿದೆ ಎಂದು ಎದ್ದು ನಿಂತವಳು ನೀನು. ಪುಸ್ತಕ ತಪ್ಪಿತ್ತು ನಿಜ. ಹೊಡೆತ ತಿಂದವಳೂ ನೀನೇ.

ನಾನು ಇಲ್ಲಿ ಎರಡು ವರ್ಷದಿಂದ ರೊಟ್ಟಿ ವಿಭಾಗದಲ್ಲಿದ್ದೇನೆ. ಒಂದು ಮಾತು ಕಲಿತಿದ್ದೇನೆ. ಬೀಗ ಹಾಕುವವನ ಜೊತೆ ಜಗಳವಾಡಬಹುದು, ಅನ್ನ ಬಡಿಸುವವನ ಜೊತೆ ಆಡಬಾರದು. ಅವ್ವನನ್ನು ದಿನಾ ಮುಟ್ಟುವವರು ಯಾರು? ಆ ಆಯಾ ಯಾರು, ಎಲ್ಲಿಯವಳು? ನೀನು ಮ್ಯಾನೇಜರನ ಮಾತನ್ನೆಲ್ಲ ಬರೆದಿದ್ದೀ. ಅವಳ ಹೆಸರೂ ಬರೆದಿಲ್ಲ.

ಅವ್ವನ ಬೆನ್ನು ನೋಡಿದೆಯಾ? ಇಲ್ಲಿ ಒಬ್ಬ ಮುದುಕ ಕಾಲು ಮುರಿದು ಮಲಗಿದ್ದ. ಎಲ್ಲರೂ ಮುಖ ನೋಡಿ ಮಾತಾಡಿಸಿ ಹೋಗುತ್ತಿದ್ದೆವು. ಅವನು ಬೆನ್ನಿನಿಂದ ಸತ್ತ.

ಫೋನಿನ ವಿಷಯ. ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ. ಸಾಲಿನಲ್ಲಿ ಹಿಂದೆ ಹದಿನೈದು ಜನ ನಿಂತಿರುತ್ತಾರೆ. ಇಲ್ಲಿ ಅತ್ತವನ ಮರುದಿನ ಕಷ್ಟದ್ದು. ಕಾಗದವೇ ಇರಲಿ.

ಮಾಲೀಕನ ವಿಷಯ ಅಷ್ಟು ಗಟ್ಟಿಯಾಗಿ ಎಲ್ಲೂ ಹೇಳುತ್ತ ತಿರುಗಬೇಡ.

ರೇವಣ


ಪೀಣ್ಯ
10 ಫೆಬ್ರವರಿ 2025

ಅಣ್ಣಾ,

ಗೆದ್ದೆವು!

ಆಯಾ ಹೆಸರು ಮುದುಕವ್ವ. ನಮ್ಮ ಕಡೆಯವಳೇ, ಸುರಪುರದ ಹತ್ತಿರದವಳು. ಐವತ್ತರ ಮೇಲೆ ವಯಸ್ಸು. ಓದು ಬರಹ ಬರುವುದಿಲ್ಲ. ಅವ್ವನಿಗೆ ಗಂಜಿ ಕುಡಿಸುವಾಗ ಏನೋ ಹಾಡಿನ ಹಾಗೆ ಬಯ್ಯುತ್ತಿರುತ್ತಾಳೆ. ಅವ್ವನ ಬೆನ್ನು ನೋಡಿದೆ, ಚೆನ್ನಾಗಿಯೇ ಇದೆ, ಸೊಂಟದ ಹತ್ತಿರ ಚೂರು ಕೆಂಪಗಿತ್ತು, ಅಷ್ಟೇ.

ಈಗ ಮುಖ್ಯ ವಿಷಯ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ ಎಂದು ಪುಸ್ತಕದಲ್ಲಿ ಓದಿದೆ. ಹೊರಳಿಸಿದ್ದಾರೋ ಇಲ್ಲವೋ ನಮಗೆ ಹೇಗೆ ತಿಳಿಯಬೇಕು? ನಾನು ದಿನಕ್ಕೆ ಆರುನೂರು ಪಂಪಿನ ಬುಷ್‌ಗಳ ಅಳತೆಯನ್ನು ಗೇಜ್ ಹಾಕಿ ನೋಡುವವಳು. ಒಂದೊಂದು ಟ್ರೇಗೂ ಒಂದು ಕಾರ್ಡು, ಕಾರ್ಡಿಗೆ ನನ್ನ ಸಹಿ. ಸಹಿ ಇಲ್ಲದ ಟ್ರೇ ಮುಂದಕ್ಕೆ ಹೋಗುವುದಿಲ್ಲ. ಅಂಥದೇ ಕಾರ್ಡು ಮಾಡಿದೆ. ಒಂದೊಂದು ಮಂಚಕ್ಕೂ ಒಂದು. ಒಂಬತ್ತು, ಹನ್ನೊಂದು, ಒಂದು, ಮೂರು, ಐದು. ಐದು ಚೌಕ, ಪ್ರತಿ ಚೌಕದಲ್ಲಿ ಆಯಾಳ ಸಹಿ. ಮಾದರಿ ಇದರೊಂದಿಗಿಟ್ಟಿದ್ದೇನೆ. ಮುನಿಕೃಷ್ಣ ಜಗಳ ತೆಗೆಯುತ್ತಾನೆಂದು ತಯಾರಾಗಿ ಹೋಗಿದ್ದೆ. ಅವನು ಕಾರ್ಡನ್ನು ತಿರುಗಿಸಿ ನೋಡಿ, "ಸೂಪರ್ ಆಗಿದೆ ಕಣಮ್ಮ, ಟ್ರಸ್ಟಿನವರಿಗೂ ತೋರಿಸ್ಬೋದು" ಅಂದುಬಿಟ್ಟ!

ಇನ್ನೊಂದು. ಸಮಿತಿಯ ಮೊದಲ ತಪಾಸಣೆ ನಿನ್ನೆ ನಡೆಯಿತು. ಎಲ್ಲ ಮಂಚಗಳ ಕಂಬಿಗೂ ಹಳೆಯ ಸೀರೆಯ ಚೂರುಗಳನ್ನು ಗಂಟು ಹಾಕಿದ್ದರು. ಕೊಳಕು ಹಿಡಿದ ಚೂರುಗಳು. ಔಷಧಿ ಇಲ್ಲದ ಕಡೆ ಹರಕೆಯ ಗಂಟು! "ಯಾವ ದೇವರದು ಇದು?" ಅಂದೆ. ಮುದುಕವ್ವ, "ದೇವರದಲ್ರೀ ಅಕ್ಕಾರ... ಇರಲಿ ಬಿಡ್ರಿ ಅವು" ಅಂತ ಏನೋ ಹೇಳಲು ಬಂದಳು. ನಾನು ಬಿಡಲಿಲ್ಲ. ಮೂಢನಂಬಿಕೆಯಿಂದ ಬಡವರು ಹೇಗೆ ಸಾಯುತ್ತಾರೆ ಎಂದು ಹತ್ತು ನಿಮಿಷ ಮಾತಾಡಿದೆ. ಎಲ್ಲ ಬಿಚ್ಚಿಸಿದೆವು. ಅವಳು ಒಂದನ್ನೂ ಬಿಸಾಡದೆ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಆ ಮುಖ ನೋಡಿ ಒಂದು ಕ್ಷಣ ಪಾಪ ಅನ್ನಿಸಿತು. ಆದರೆ ಪಾಪ ಎಂದುಕೊಂಡೇ ನಮ್ಮ ಜನ ಹೀಗಾಗಿರುವುದು.

ದಾನಿ


ಕೇಂದ್ರ ಕಾರಾಗೃಹ
24 ಫೆಬ್ರವರಿ 2025

ದಾನಿ,

ಕಾರ್ಡು ಚಂದ ಇದೆ. ಗೆರೆಗಳು ನೆಟ್ಟಗಿವೆ. ಜೊತೆಯವರಿಗೆಲ್ಲ ತೋರಿಸಿದೆ.

ಟಿಪ್ಪರಿನಲ್ಲೂ ನಮಗೆ ಇಂಥದೇ ಒಂದು ಕಾರ್ಡು ಇತ್ತು. ಗಾಡಿ ತೆಗೆಯುವ ಮುಂಚೆ ತುಂಬಿಸಬೇಕು. ನಾನು
××××××××××××××××××××××××
××××××××××××××××××××××××
××××××××××××××××
ಇರಲಿ.

ಆ ಬಟ್ಟೆಯ ಗಂಟುಗಳ ವಿಷಯ ಓದಿದ ಮೇಲೆ ನಿದ್ದೆ ಬಂದಿಲ್ಲ. ಒಂದು ಕೇಳುತ್ತೇನೆ. ಅವು ಎಲ್ಲ ಮಂಚಕ್ಕೂ ಒಂದೇ ಕಡೆ ಇದ್ದವಾ? ಹರಕೆಯದಾದರೆ ಎಲ್ಲ ತಲೆಯ ಕಡೆ ಇರಬೇಕು, ಇಲ್ಲ ಬಲಕ್ಕೆ ಇರಬೇಕು. ಕೆಲವು ಎಡಕ್ಕೆ, ಕೆಲವು ಬಲಕ್ಕೆ ಇದ್ದವಾ?

ಯಾಕೆ ಕೇಳುತ್ತೇನೆಂದರೆ, ನೀನು ಹುಟ್ಟಿದ ವರ್ಷ ನಾವು ಮಾರತ್ತಹಳ್ಳಿಯಲ್ಲಿ ಕಟ್ಟಡದ ಕೆಲಸದಲ್ಲಿದ್ದೆವು. ನಿನ್ನ ಜೋಳಿಗೆಯನ್ನು ಎರಡು ಕಂಬಕ್ಕೆ ಕಟ್ಟಿ ಅವ್ವ ಮೇಲೆ ಇಟ್ಟಿಗೆ ಹೊರುತ್ತಿದ್ದಳು. ನಾನು ಏಳು ವರ್ಷದವನು, ಕಾಯುವವನು. ಗಡಿಯಾರ ಇಲ್ಲ. ನಿನಗೆ ಹಾಲು ಕುಡಿಸಿಯಾಯಿತೋ ಇಲ್ಲವೋ ಮರೆಯುತ್ತಿದ್ದೆ. ಅದಕ್ಕೆ ಅವ್ವ ಸೀರೆಯ ಚೂರೊಂದನ್ನು ಹರಿದು ಕೊಟ್ಟಳು. ಕುಡಿಸಿದ್ದರೆ ಆ ಕಂಬಕ್ಕೆ ಕಟ್ಟು, ಕುಡಿಸದಿದ್ದರೆ ಈ ಕಂಬಕ್ಕೆ. ಓದು ಬಾರದವರ ಪುಸ್ತಕ ಅದು.

ನನಗೆ ಗೊತ್ತಿಲ್ಲ. ಆದರೆ ಮುದುಕವ್ವನನ್ನು ಕೇಳು. ಬೇಗ ಕೇಳು. ಕೂರಿಸಿಕೊಂಡು, ಮ್ಯಾನೇಜರ್ ಇಲ್ಲದಾಗ ಕೇಳು.

ರೇವಣ


ಪೀಣ್ಯ
9 ಮಾರ್ಚ್ 2025, ಭಾನುವಾರ

ಅಣ್ಣಾ,

ಒಂದು ತಿಂಗಳಾಯಿತು, ನಿನ್ನ ಪತ್ರವಿಲ್ಲ. ಕೋಪವೇ?

ಕಾರ್ಡುಗಳು ಶುರುವಾಗಿ ಮೂರು ವಾರ. ಈಗ ಎಲ್ಲ ಚೌಕವೂ ತುಂಬಿರುತ್ತದೆ. ನೂರಕ್ಕೆ ನೂರು. ಆದರೆ ಒಂದು ವಿಷಯ ನಡೆದಿದೆ. ಮುದುಕವ್ವನನ್ನು ಕೆಲಸದಿಂದ ತೆಗೆದಿದ್ದಾರೆ.

ನಾನು ಹೋಗಿ ಕೇಳಿದೆ. ಮುನಿಕೃಷ್ಣ, "ನೀವೇ ತಾನೇ ಸಹಿ ಬೇಕು ಅಂದಿದ್ದು? ಅವಳಿಗೆ ಸಹಿ ಬರಲ್ಲ" ಅಂದ. ಹೆಬ್ಬೆಟ್ಟು ಒತ್ತಿಸಬಹುದಿತ್ತಲ್ಲ ಅಂದೆ. "ನಾಳೆ ನೀವೇ ಬಂದು, ಹೆಬ್ಬೆಟ್ಟು ಯಾರದು ಅಂತ ಹೆಂಗೆ ನಂಬೋದು ಅಂತ ಇನ್ನೊಂದು ಲೆಟರ್ ಕೊಡ್ತೀರಾ. ಬೇಡ ತಾಯಿ." ಈಗ ರಾಣಿ ಎಂಬವಳು ಬಂದಿದ್ದಾಳೆ. ಪಿಯುಸಿ ಓದಿದ ಹುಡುಗಿ, ಸಹಿ ಮುತ್ತಿನಂತಿದೆ.

ಈಶ್ವರಮ್ಮನವರು ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. "ಆ ಯಮ್ಮ ನಮ್ಮತ್ತೆ ಬಾಯಿಗೆ ಬೆರಳಾಕಿ ಸಿಕ್ಕೊಂಡ ಅನ್ನ ತೆಗೀತಿದ್ಲು ಕಣಮ್ಮಾ. ಈ ಉಡುಗಿ ಬಗ್ಗೋದೇ ಇಲ್ಲ" ಅಂದರು. ಒಬ್ಬರ ಒಳ್ಳೆಯತನದ ಮೇಲೆ ವ್ಯವಸ್ಥೆ ನಿಲ್ಲಬಾರದು, ನಿಯಮದ ಮೇಲೆ ನಿಲ್ಲಬೇಕು ಎಂದು ಹೇಳಿದೆ. ಹೇಳುವಾಗ ಸರಿಯೆನಿಸಿತ್ತು. ಬಸ್ಸಿನಲ್ಲಿ ಬರುವಾಗ ಅಷ್ಟು ಸರಿಯೆನಿಸಲಿಲ್ಲ.

ಅವ್ವನಿಗೆ ಸ್ವಲ್ಪ ಮೈ ಬೆಚ್ಚಗಿದೆ. ಬಿಸಿಲು ಶುರುವಾಯಿತಲ್ಲ, ಅದಕ್ಕಿರಬೇಕು. ಇವತ್ತು ನನ್ನ ಬೆರಳು ಹಿಡಿಯಲಿಲ್ಲ. ನಿದ್ದೆಯಲ್ಲಿದ್ದಳು.

ದಾನಿ


ಅತ್ತಿಬೆಲೆ
23 ಮಾರ್ಚ್ 2025, ಭಾನುವಾರ

ಅಣ್ಣಾ,

ನಿನ್ನ ಫೆಬ್ರವರಿ 24ರ ಪತ್ರ ಮೊನ್ನೆ ಬುಧವಾರ ಕೈಗೆ ಬಂತು. ಇಪ್ಪತ್ಮೂರು ದಿನ. ಅದು ಎಲ್ಲಿ ಕೂತಿತ್ತೋ. ಹದಿನೈದು ದಿನ ಮುಂಚೆ ಬಂದಿದ್ದರೆ ಎಂದು ಬರೆಯಲು ಹೋಗಿ ನಿಲ್ಲಿಸಿದ್ದೇನೆ. ತಪ್ಪು ಅಂಚೆಯದಲ್ಲ.

ನಿನಗೆ ಸುಳ್ಳು ಬರೆದಿದ್ದೆ. ಹೋದ ಪತ್ರದ ದಿನ ಅವ್ವ ನಿದ್ದೆಯಲ್ಲಿರಲಿಲ್ಲ, ಜ್ವರವಿತ್ತು. ನನಗೆ ಗೊತ್ತಾಗಿತ್ತು. ಕಾರ್ಡಿನಲ್ಲಿ ಎಲ್ಲ ಸಹಿ ಇದೆ, ಹಾಗಾಗಿ ಬೆನ್ನು ನೋಡುವ ಅಗತ್ಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ದಿನಕ್ಕೆ ಆರುನೂರು ತುಂಡು ಕೈಯಲ್ಲಿ ಹಿಡಿದು ನೋಡುವವಳು ನನ್ನ ತಾಯಿಯನ್ನು ಕಾಗದದಲ್ಲಿ ನೋಡಿ ಬಂದೆ.

ಹದಿನಾರನೇ ತಾರೀಕು ಹೋದಾಗ ಬಾಗಿಲಲ್ಲೇ ವಾಸನೆ. ನಾನೂ ಈಶ್ವರಮ್ಮನವರೂ ಸೇರಿ ಮಗ್ಗುಲು ತಿರುಗಿಸಿದೆವು. ಬೆನ್ನಿನ ಕೊನೆಯ ಮೂಳೆಯ ಮೇಲೆ ಅಂಗೈಯಗಲ ಹುಣ್ಣು. ನಡುವೆ ಕಪ್ಪಗಿತ್ತು. ಈಶ್ವರಮ್ಮ ಅವ್ವನ ಹೆಸರು ಹಿಡಿದು "ಅಯ್ಯೋ ಮಲಕವ್ವಾ" ಎಂದು ಕೂಗಿಕೊಂಡರು. ಅವ್ವನ ಕಣ್ಣು ನನ್ನ ಮೇಲಿತ್ತು.

ಆಗ ಕಾರ್ಡು ನೋಡಿದೆ. ಗಂಟೆ ಹನ್ನೊಂದೂಕಾಲು. ಒಂದರ ಚೌಕದಲ್ಲಿ ಸಹಿ, ಮೂರರದರಲ್ಲಿ ಸಹಿ, ಐದರದರಲ್ಲಿ ಸಹಿ. ಇಪ್ಪತ್ತೆರಡು ಮಂಚಕ್ಕೂ ಹಾಗೆಯೇ. ಮುತ್ತಿನಂಥ ಸಹಿ.

ರಾಣಿಯ ರಟ್ಟೆ ಹಿಡಿದು ಎಳೆದು ತಂದೆ. ಅವಳು ಅಳುತ್ತ, "ಖಾಲಿ ಬಿಟ್ರೆ ಸಂಬಳ ಕಟ್ ಮಾಡ್ತಾರೆ ಅಕ್ಕ. ತುಂಬಿಸಿದ್ರೆ ಯಾರೂ ಏನೂ ಕೇಳಲ್ಲ. ನೀವೂ ಕೇಳಿಲ್ವಲ್ಲ" ಅಂದಳು.

ನಿನ್ನ ಪತ್ರ ಬಂದ ಮರುದಿನ ರಜೆ ಹಾಕಿ ಮುದುಕವ್ವನನ್ನು ಹುಡುಕಿದೆ. ಇಲ್ಲೇ ಕೈಗಾರಿಕಾ ಪ್ರದೇಶದ ಹಿಂದೆ ಗುಜರಿ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಆರಿಸುತ್ತಾಳೆ. ನನ್ನನ್ನು ನೋಡಿ ಎದ್ದು ನಿಂತಳು. ಆ ಎದ್ದು ನಿಂತದ್ದು ನನಗೆ ಹೊಡೆದ ಹಾಗಾಯಿತು.

"ಬರ್ರಿ ಅಕ್ಕಾರ. ಇಲ್ಲೂ ತಪಾಸಣಿ ಅದೇನು?"

ಗಂಟುಗಳ ವಿಷಯ ಕೇಳಿದೆ. ನೀನು ಹೇಳಿದ್ದೇ ನಿಜ. ಎಡ ಮಗ್ಗುಲಾಗಿದ್ದರೆ ಎಡಗಂಬಿಗೆ, ಬಲವಾಗಿದ್ದರೆ ಬಲಗಂಬಿಗೆ. ಸಾಲಿನ ತುದಿಯಲ್ಲಿ ನಿಂತು ನೋಡಿದರೆ ಯಾರದು ಆಯಿತು, ಯಾರದು ಬಾಕಿ ಎಂದು ಒಂದೇ ನೋಟಕ್ಕೆ ತಿಳಿಯುತ್ತಿತ್ತಂತೆ. ಎದುರು ಫ್ಯಾಕ್ಟರಿಯ ಸೈರನ್ನು ಅವಳ ಗಡಿಯಾರ. ಎಲ್ಲರನ್ನೂ ಹೊರಳಿಸಲು ಆಗುತ್ತಿರಲಿಲ್ಲ. ಆಗದಿದ್ದವರ ಗಂಟು ಹಾಗೇ ಉಳಿಯುತ್ತಿತ್ತು, ಮರುಸುತ್ತಿಗೆ ಮೊದಲು ಅವರು.

"ಯಾಕೆ ಹೇಳಲಿಲ್ಲ ನೀವು?" ಅಂದೆ. ಕೂಗಿಬಿಟ್ಟೆ, ಅಣ್ಣಾ. ತಪ್ಪು ನನ್ನದು, ಕೂಗಿದ್ದೂ ನಾನೇ.

"ನೀವು ಯಾವ ದೇವರು ಅಂತ ಕೇಳಿದ್ರಿ. ಯಾತಕ್ಕ ಅಂತ ಕೇಳಲಿಲ್ಲ. ಮಗ್ಗಲದಾಗ ಮ್ಯಾನೇಜರ್ ನಿಂತಿದ್ದ. ಅರ್ಧಾ ಮಂದೀನ್ನ ಹೊರಳಸಾಕ ಆಗಿಲ್ಲ ಅಂತ ಅವನ ಮುಂದ ಹ್ಯಾಂಗ ಹೇಳ್ಲಿ? ನಿಮ್ಮ ಚೀಟ್ಯಾಗ 'ಆಗಲಿಲ್ಲ' ಅನ್ನಾಕ ಜಾಗಾನ ಇಲ್ಲಲ್ರೀ."

ಅವಳ ಕಾಲು ಮುಟ್ಟಲು ಬಗ್ಗಿದೆ. ಕೈ ತಟ್ಟಿದಳು. "ಕಾಲು ಮುಟ್ಟಿದ್ರ ಹುಣ್ಣ ಮಾಯ್ತದೇನು? ಏಳು."

ವೈದ್ಯರು ವಾರಕ್ಕೊಮ್ಮೆ ಬರುತ್ತಾರೆ. ಹುಣ್ಣು ಮೂಳೆ ಮುಟ್ಟಿದೆಯೋ ಏನೋ, ಎರಡು ವಾರ ಔಷಧಿ ಹಾಕಿ ನೋಡೋಣ ಎಂದಿದ್ದಾರೆ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಡ್ಡಿಲ್ಲ, ಡ್ರೆಸಿಂಗ್ ಮಾಡಿಸಿಕೊಂಡು ಹೋಗಿ, ಹೊರಳಿಸುತ್ತಿರಿ ಎಂದರು. ಹೊರಳಿಸುತ್ತಿರಿ!

ನಿನ್ನ ಪತ್ರದಲ್ಲಿ ಮೂರು ಸಾಲು ಶಾಯಿ ಬಳಿದಿದೆ. ಜೈಲಿನವರು ಹೀಗೆ ಕೈದಿಯ ಮಾತನ್ನು ಅಳಿಸುವುದು ಯಾವ ಕಾನೂನು? ಅದಕ್ಕೂ ಅರ್ಜಿ ಬರೆಯಬೇಕು ಎಂದುಕೊಂಡೆ. ಈಗ ಕೈಯೇ ಏಳುತ್ತಿಲ್ಲ. ನಾನು ಬರೆದದ್ದೆಲ್ಲ ಯಾರಿಗೋ ಹುಣ್ಣಾಗುತ್ತದೆ ಎನ್ನಿಸುತ್ತಿದೆ.

ಪೆರೋಲಿಗೆ ಅರ್ಜಿ ಹಾಕಿದೆಯಾ? ನೀನು ಅದರ ಬಗ್ಗೆ ಒಂದು ಸಲವೂ ಬರೆದಿಲ್ಲ.

ದಾನಿ


ಕೇಂದ್ರ ಕಾರಾಗೃಹ
2 ಏಪ್ರಿಲ್ 2025

ತಂಗೀ,

ಇದನ್ನು ಕೊಡುವಾಗ ಬೇಗ ಕಳಿಸಿ ಎಂದು ವಾರ್ಡರಿಗೆ ಕೈಮುಗಿಯುತ್ತೇನೆ. ಓದಿಯೇ ಕಳಿಸುತ್ತಾರೆ. ಓದಲಿ.

ಆ ಮೂರು ಸಾಲನ್ನು ಜೈಲಿನವರು ಅಳಿಸಲಿಲ್ಲ. ನಾನೇ ಬರೆದೆ, ನಾನೇ ಬಳಿದೆ. ಈಗ ಮತ್ತೆ ಬರೆಯುತ್ತೇನೆ.

ಟಿಪ್ಪರಿನ ಕಾರ್ಡಿನಲ್ಲಿ ಏಳು ಸಾಲು ಇರುತ್ತಿತ್ತು. ಟೈರು, ಲೈಟು, ಹಾರನ್ನು, ಹಾಗೆ. ನಾಲ್ಕನೆಯದು ಬ್ರೇಕು. ದಿನಾ ಬೆಳಿಗ್ಗೆ ಗಾಡಿಯ ಕೆಳಗೆ ನುಸುಳಿ ನೋಡಿ ಗುರುತು ಹಾಕಬೇಕು. ನಾನು ಸೋಮವಾರ ಕೂತು ಶನಿವಾರದವರೆಗೆ ಗುರುತು ಹಾಕಿಬಿಡುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದೆವು. ಆ ಹಾಲಿನವ ನನ್ನ ಗಾಡಿಗೆ ಸಿಕ್ಕಿ ಸತ್ತದ್ದು ಗುರುವಾರ. ಗುರುವಾರದ ಚೌಕದಲ್ಲಿ ಬ್ರೇಕು ಸರಿ ಎಂದಿದೆ, ಕೆಳಗೆ ನನ್ನ ಸಹಿ. ಮಾಲೀಕ ಬ್ರೇಕು ಮಾಡಿಸಲಿಲ್ಲ, ಅದೂ ನಿಜ. ಆದರೆ ನಾನು ಹಾಳಾಗಿದೆ ಎಂದು ಒಂದು ದಿನವೂ ಬರೆಯಲಿಲ್ಲ. ಬರೆದರೆ ಗಾಡಿ ನಿಲ್ಲುತ್ತಿತ್ತು, ಆ ದಿನದ ಕೂಲಿ ಇರುತ್ತಿರಲಿಲ್ಲ.

ನೀನು ಊರೆಲ್ಲ ಅಣ್ಣ ನಿರ್ದೋಷಿ ಎಂದು ಸಾರುವಾಗ ನಾನು ಸುಮ್ಮನಿದ್ದೆ. ಕಾರ್ಡು ಕಳಿಸಿದಾಗಲೂ ಹೇಳದೆ ಹೋದೆ. ಇದನ್ನು ನಾನು ಮುಂಚೆಯೇ ಹೇಳಿದ್ದರೆ ತುಂಬಿದ ಚೌಕ ನೋಡಿದೊಡನೆ ನೀನು ಅವ್ವನ ಬೆನ್ನು ನೋಡುತ್ತಿದ್ದಿ. ರಾಣಿಯನ್ನು ಬಯ್ಯಬೇಡ. ಅವಳೂ ನಾನೂ ಒಂದೇ.

ಪೆರೋಲು ಕೇಳಿಲ್ಲ. ನನಗೆ ಶಿಕ್ಷೆಯಾದ ವಾರ ಅವ್ವ ಬಿದ್ದಳು. ಆ ಕಣ್ಣಿನ ಎದುರು ನಿಲ್ಲಲು ನನಗೆ ಧೈರ್ಯವಿಲ್ಲ. ನಾನು ಬಂದು ಮಾಡುವುದಾದರೂ ಏನು?

ಬರೆಯುವುದನ್ನು ಬಿಡಬೇಡ. ನಿನ್ನ ಕಾರ್ಡಿನಲ್ಲಿ 'ಆಗಲಿಲ್ಲ' ಅನ್ನುವುದಕ್ಕೆ ಜಾಗ ಮಾಡು. ನಮಗೆ ಅದೊಂದನ್ನು ಯಾರೂ ಮಾಡಿಕೊಡಲಿಲ್ಲ.

ರೇವಣ


ಅತ್ತಿಬೆಲೆ
20 ಏಪ್ರಿಲ್ 2025, ಭಾನುವಾರ

ಅಣ್ಣಾ,

ನಿನ್ನ ಪತ್ರ ಈ ಸಲ ಎಂಟು ದಿನಕ್ಕೆ ಬಂತು. ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಆ ಹಾಲಿನವನಿಗೂ ಒಬ್ಬಳು ತಂಗಿ ಇದ್ದಿರಬಹುದು ಎಂದು ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಸಿಟ್ಟು ಹೋಗಿಲ್ಲ, ಆದರೆ ಈಗ ಅದಕ್ಕೆ ಹೊತ್ತಿಲ್ಲ.

ಇವತ್ತು ಸಮಿತಿ ಸೇರಿತು. ಒಂಬತ್ತರಲ್ಲಿ ಐದೇ ಜನ ಬಂದರು. ಒಂಬತ್ತೂವರೆಗೆ ಮುದುಕವ್ವ ತೊಳೆದ ಸೀರೆ ಉಟ್ಟು ಗೇಟಿನಲ್ಲಿ ನಿಂತಿದ್ದಳು. ಮುನಿಕೃಷ್ಣ ಓಡಿ ಬಂದ.

"ಏಯ್, ನಿನ್ನ ತೆಗ್ದಾಗಿದ್ಯಲ್ಲ? ಇಲ್ಲೇನ್ ಕೆಲ್ಸ?"

"ಕೆಲಸಕ್ಕ ಬಂದಿಲ್ರೀ ಸಾಹೇಬ್ರ. ಅಕ್ಕನ್ನ ನೋಡಾಕ ಬಂದೀನಿ."

"ಯಾವ ಅಕ್ಕ?"

"ಮಲಕವ್ವ. ನಮ್ಮಕ್ಕ. ಸಮಿತ್ಯಾಗ ಬೀಗರು ಸಂಬಂಧದವರಷ್ಟೇ ಇರಬೇಕಂತಲ್ರೀ, ಅದಕ್ಕ ಮೊದಲ ಹೇಳಾಕತ್ತೀನಿ."

ಅವನು ನನ್ನ ಮುಖ ನೋಡಿದ. ಸಮಿತಿಯ ಮೊದಲ ನಿಯಮ ಬರೆದವಳು ನಾನು. "ಹೌದು ಸಾರ್, ನಮ್ಮ ಚಿಕ್ಕವ್ವ" ಅಂದೆ. ಈಶ್ವರಮ್ಮ ಹಿಂದಿನಿಂದ, "ಮುಖ ನೋಡಿದ್ರೆ ಗೊತ್ತಾಗಕಿಲ್ವಾ? ಅದೇ ಮೂಗು" ಅಂದರು. ಎಷ್ಟೋ ದಿನದ ಮೇಲೆ ನಕ್ಕೆ.

ಮುದುಕವ್ವನ ಸೆರಗಿನಲ್ಲಿ ಆ ಚೂರುಗಳಿದ್ದವು. ಒಗೆದು ತಂದಿದ್ದಳು. ಶುರುವಿಗೆಂದು ಇಪ್ಪತ್ತೆರಡೂ ಎಡಗಂಬಿಗೇ ಕಟ್ಟಿದೆವು.

ಆಮೇಲೆ ಒಂದು ಪರೀಕ್ಷೆ ಮಾಡಿದೆ. ರಾಣಿ ದಿನಾ ಮಾಡುವ ಹಾಗೆ ಎರಡು ಗಂಟೆ ನಾನೊಬ್ಬಳೇ ಮಾಡಿ ನೋಡುವುದು, ಯಾರೂ ಕೈ ಹಾಕಬಾರದು. ಕ್ಯಾಬ್ ಓಡಿಸುವ ಕೃಷ್ಣ ಗಡಿಯಾರ ಹಿಡಿದರು. ಹೇಗೆ ಹಿಡಿಯಬೇಕು, ಎಲ್ಲಿ ದಿಂಬು ಕೊಡಬೇಕು ಎಂದು ಮುದುಕವ್ವ ಮೊದಲೇ ತೋರಿಸಿಕೊಟ್ಟಿದ್ದಳು. ಒಬ್ಬರಿಗೆ ಏಳು ನಿಮಿಷ. ಇಪ್ಪತ್ತೆರಡು ಜನಕ್ಕೆ ನೂರೈವತ್ತನಾಲ್ಕು. ಎರಡು ಗಂಟೆಯಲ್ಲಿ ಇರುವುದು ನೂರಿಪ್ಪತ್ತು. ಯಂತ್ರವಾಗಿದ್ದರೆ ಈ ಲೆಕ್ಕವನ್ನು ನಾನು ಮೊದಲ ದಿನವೇ ಹಾಕುತ್ತಿದ್ದೆ. ಫ್ಯಾಕ್ಟರಿಯಲ್ಲಿ ಅದೇ ನನ್ನ ಕೆಲಸ. ಇಲ್ಲಿ ಮನುಷ್ಯರಿದ್ದರು, ಹಾಗಾಗಿ ಆಗದು ಎನ್ನುವವರೆಲ್ಲ ಸೋಮಾರಿಗಳು ಎಂದುಕೊಂಡೆ.

ಸರದಿ ಮುರಿಯಬಾರದೆಂದು ಒಂದನೇ ಮಂಚದಿಂದ ಶುರು ಮಾಡಿದೆ. ಅವ್ವ ಹತ್ತೊಂಬತ್ತನೆಯವಳು. ಆರನೇ ಮಂಚದ ಅಜ್ಜಿಗೆ ವಾಂತಿಯಾಯಿತು, ರಾಮಕ್ಕನವರ ಹಾಸಿಗೆ ಎರಡು ಸಲ ಬದಲಾಯಿಸಬೇಕಾಯಿತು. ಸೊಂಟ ಬಿದ್ದುಹೋಗುತ್ತದೆ ಅಣ್ಣಾ. ರೆಪ್ಪೆಯ ಮೇಲೆ ಬೆವರು ಇಳಿದು ಯಾರ ಮುಖ ಯಾರದೆಂದು ಕಾಣುವುದಿಲ್ಲ. ಕೃಷ್ಣ "ಆಯ್ತು ಮೇಡಂ, ಹನ್ನೆರಡೂ ಹತ್ತು" ಅಂದಾಗ ನಾನು ಹದಿನಾಲ್ಕನೇ ಮಂಚದಲ್ಲಿದ್ದೆ.

ಸಾಲಿನ ತುದಿಗೆ ಹೋಗಿ ನಿಂತು ನೋಡಿದೆ. ಹದಿಮೂರು ಗಂಟು ಬಲಕ್ಕೆ. ಒಂಬತ್ತು ಎಡಕ್ಕೆ, ಹಾಗೇ. ಅವ್ವನದು ಎಡಕ್ಕೆ.

ಮುದುಕವ್ವ ನನ್ನನ್ನು ತಳ್ಳಿಕೊಂಡು ಓಡಿದಳು. "ನಿನ್ನ ಸರದಿ ಹಾಳಾಗ್ಲಿ! ಹುಣ್ಣ ಇದ್ದವರ್ನ ಮೊದಲ ಹೊರಳಸಬೇಕವಾ. ಇನ್ನೂ ಪುಸ್ತಕಾನ ಓದಾಕತ್ತಿ?" ಇಬ್ಬರೂ ಸೇರಿ ಅವ್ವನನ್ನು ತಿರುಗಿಸಿದೆವು. ಅವ್ವ ಹಲ್ಲು ಕಚ್ಚಿಕೊಂಡ ಶಬ್ದ ಕೇಳಿಸಿತು.

ಆಮೇಲೆ ಕೂತು ಕಾರ್ಡು ಬರೆದೆ. ಹದಿಮೂರು ಕಾರ್ಡಿಗೆ ಸಹಿ ಹಾಕಿದೆ. ಉಳಿದ ಒಂಬತ್ತರಲ್ಲಿ 'ಆಗಲಿಲ್ಲ' ಎಂದು ಬರೆದು, ಅದರ ಕೆಳಗೂ ನನ್ನ ಸಹಿಯನ್ನೇ ಹಾಕಿದೆ. ರಾಣಿ ಬಂದು ಪಕ್ಕದಲ್ಲಿ ನಿಂತಿದ್ದಳು. "ನಾಳೆಯಿಂದ ನಾನೂ ಹಂಗೇ ಬರೀಲಾ ಅಕ್ಕ?" ಅಂದಳು. ಬರೆ ಎಂದೆ. ಸಂಬಳ ಹಿಡಿದರೆ ನಾವೆಲ್ಲ ಗೇಟಿನಲ್ಲಿ ಕೂರುತ್ತೇವೆ ಎಂದೆ. ಐದು ಜನ ಕೂತರೆ ಏನಾಗುತ್ತದೋ ಗೊತ್ತಿಲ್ಲ. ಇನ್ನೊಬ್ಬ ಆಯಾ ಬೇಕು ಎಂಬ ಒಂದೇ ಬೇಡಿಕೆ ಬರೆದು, ಆ ಕಾರ್ಡುಗಳನ್ನು ಜೊತೆಗಿಟ್ಟು ಟ್ರಸ್ಟಿಗೆ ಕೊಡಲು ಹೋದೆವು. ಮುನಿಕೃಷ್ಣ ಮುಟ್ಟಲಿಲ್ಲ. "ಮುಂದಿನ ವಾರದಿಂದ ನಿಮ್ಮ ಸಮಿತಿ ಬಸ್ ಸ್ಟಾಪಲ್ಲಿ ಮಾಡ್ಕೊಳ್ಳಿ" ಅಂದ. ಅಂಚೆಯಲ್ಲಿ ಕಳಿಸುತ್ತೇವೆ.

ಇನ್ನು ಬರೆಯದೆ ಉಳಿಸಿಕೊಂಡದ್ದು. ಮೊನ್ನೆ ವೈದ್ಯರು ಹುಣ್ಣಿಗೆ ಸಣ್ಣ ಕಡ್ಡಿ ಹಾಕಿ ಆಳ ನೋಡಿದರು. ಹುಣ್ಣು ಮೂಳೆಯನ್ನು ಮುಟ್ಟಿದೆ. ರಕ್ತಕ್ಕೆ ಇಳಿದರೆ ಹೆಚ್ಚು ದಿನವಿಲ್ಲ. ಇಳಿಯದಂತೆ ಮಾಡುವುದು ಔಷಧಿಗಿಂತ ಹೊರಳಿಸುವುದರಲ್ಲಿದೆ ಎಂದರು. ನಾನು ಇರುವ ರಜೆಯನ್ನೆಲ್ಲ ಹಾಕಿದ್ದೇನೆ, ಹನ್ನೊಂದು ದಿನ. ಶೆಡ್ಡಿನಲ್ಲಿ ಮುದುಕವ್ವನ ಪಕ್ಕ ಮಲಗುತ್ತೇನೆ. ಹನ್ನೆರಡನೇ ದಿನದಿಂದ ಯಾರು? ಅದು ಯಾವ ಕರಪತ್ರದಲ್ಲೂ ಇಲ್ಲ.

ನೀನು ಬಂದು ಮಾಡುವುದೇನು ಎಂದು ಕೇಳಿದ್ದೀ. ಅವ್ವನ ಕಣ್ಣು ಎದುರಿಸುವುದು ಬೇಡ. ಬೆನ್ನ ಹಿಂದೆ ನಿಲ್ಲು. ಅಲ್ಲೇ ಕೆಲಸವಿರುವುದು. ಏಳು ವರ್ಷದವನಿದ್ದಾಗ ನೀನು ನನ್ನ ಜೋಳಿಗೆಯ ಗಂಟು ತಪ್ಪಿಸಲಿಲ್ಲ.

ಪೆರೋಲಿನ ಅರ್ಜಿಯಲ್ಲಿ ಕಾರಣ ಬರೆಯಲು ಒಂದು ಚೌಕವಿರುತ್ತದಂತೆ. ತಾಯಿಗೆ ಅನಾರೋಗ್ಯ ಎಂದು ಬರೆಯಬೇಡ, ಎಲ್ಲರೂ ಅದನ್ನೇ ಬರೆಯುತ್ತಾರೆ. ಎರಡು ಗಂಟೆಗೊಮ್ಮೆ ನನ್ನ ತಾಯಿಯನ್ನು ಮಗ್ಗುಲು ಹೊರಳಿಸಬೇಕಾಗಿದೆ ಎಂದು ಬರೆ. ಕೆಳಗೆ ಸಹಿ ಹಾಕು.

ಈಗ ಐದು ಗಂಟೆ, ಸೈರನ್ನು ಕೂಗುತ್ತಿದೆ. ಗಂಟು ಬಲಕ್ಕಿದೆ. ಎಡಕ್ಕೆ ಕಟ್ಟಬೇಕು, ಏಳುತ್ತೇನೆ.

ದಾನಿ